ಸಕಲೇಶಪುರದ ಹನ್ನೊಂದೂವರೆ ಚದರದ ಮನೆ: ಇಂಗಾಲದ ಭಾರ ಇರುವುದು ಗೋಡೆಯಲ್ಲಲ್ಲ

ಸಕಲೇಶಪುರ ತಾಲ್ಲೂಕು, ಕಾಫಿ ತೋಟದ ಅಂಚಿನ ನಿವೇಶನ. ಹೊರ ಅಳತೆ 12 ಮೀಟರ್‌ಗೆ 9 ಮೀಟರ್, ಅಂದರೆ 108 ಚದರ ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ, ನೂರು ಚದರಡಿಗೆ ಒಂದು ಚದರದಂತೆ, ಹನ್ನೊಂದೂವರೆ ಚದರ. ಒಂದೇ ಅಂತಸ್ತು. ಮನೆ ಸದ್ಯ ಕಾಗದದ ಮೇಲಿದೆ, ಪಾಯದ ಗುರುತು ಹಾಕಿಲ್ಲ. ಅಳತೆಗಳೆಲ್ಲ ಈ ಭಾಗದಲ್ಲಿ ಮಾಮೂಲಾಗಿ ಕಟ್ಟುವ ಮನೆಯವೇ. ಕಟ್ಟಿಸುವವರ ಪ್ರಶ್ನೆಯೂ ಮಾಮೂಲಿನದೇ: ಇಟ್ಟಿಗೆಯೋ, ಸಿಮೆಂಟ್ ಬ್ಲಾಕೋ, ಮಣ್ಣಿನ ಬ್ಲಾಕೋ, ಪರಿಸರಕ್ಕೆ ಯಾವುದು ಒಳ್ಳೆಯದು?

ಲೆಕ್ಕ ಹಾಕಿ ನೋಡಿದರೆ ಗೋಡೆಯ ಪ್ರಶ್ನೆ ಮೂರನೆಯದೋ ನಾಲ್ಕನೆಯದೋ ಆಗಿ ಕೆಳಗಿಳಿಯುತ್ತದೆ. ಮೊದಲು ಕೇಳಬೇಕಾದ್ದು ಬೇರೆ: ಒಂದಂತಸ್ತಿನ ಮನೆಗೆ ಪಿಲ್ಲರ್ ಯಾಕೆ? ಈ ಮಳೆಗೆ ಎರಡೆರಡು ಚಾವಣಿ ಯಾಕೆ?

ಏನನ್ನು ಏನಕ್ಕೆ ಹೋಲಿಸುವುದು

ಒಂದು ವಸ್ತು ಹುಟ್ಟಿನಿಂದ ಕೊನೆಯವರೆಗೆ ಪರಿಸರದ ಮೇಲೆ ಹಾಕುವ ಭಾರವನ್ನು ಅಳೆಯುವುದೇ ಜೀವನಚಕ್ರ ಮೌಲ್ಯಮಾಪನ. ಅದಕ್ಕೆ ಚೌಕಟ್ಟು ಹಾಕಿಕೊಟ್ಟದ್ದು ಐಎಸ್‌ಒ 14040 ಮತ್ತು 14044. ಕಟ್ಟಡಗಳ ಮಟ್ಟಿಗೆ ಐರೋಪ್ಯ ಮಾನಕ ಇಎನ್ 15978 ಕಟ್ಟಡದ ಆಯುಷ್ಯವನ್ನು ತುಂಡು ಮಾಡಿ ಹೆಸರಿಟ್ಟಿದೆ. ಎ1ರಿಂದ ಎ3 ಅಂದರೆ ಗಣಿಯಿಂದ ಕಾರ್ಖಾನೆಯ ಬಾಗಿಲವರೆಗೆ, ಎ4 ಸಾಗಣೆ, ಎ5 ಕಟ್ಟುವ ಕೆಲಸ, ಬಿ ಅಂದರೆ ವಾಸ, ರಿಪೇರಿ, ಬದಲಾವಣೆ, ಸಿ ಅಂದರೆ ಕೆಡಹುವುದು. ಕೆಡಹಿದ ಮೇಲೆ ಮರುಬಳಕೆಯಿಂದ ಸಿಗುವ ಲಾಭಕ್ಕೆ ಡಿ ಎಂಬ ಪ್ರತ್ಯೇಕ ಖಾತೆ. ನಮ್ಮ ಲೆಕ್ಕ ಮುಖ್ಯವಾಗಿ ಎ1ರಿಂದ ಎ4. ಅದರ ಮೇಲೆ ಬಿ ಹಂತದ ಒಂದೇ ಒಂದು ದೊಡ್ಡ ಬಾಬ್ತು. ಬಾಗಿಲು, ಕಿಟಕಿ, ವೈರಿಂಗ್, ನೆಲದ ಟೈಲ್ಸ್, ಬಣ್ಣ ಬಿಟ್ಟಿದ್ದೇವೆ. ಯಾವ ರೀತಿ ಕಟ್ಟಿದರೂ ಅವು ಹೆಚ್ಚುಕಡಿಮೆ ಅಷ್ಟೇ.

ಹೋಲಿಕೆಯ ಘಟಕ ಇದು: ವರ್ಷಕ್ಕೆ 2000 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗದಲ್ಲಿ 108 ಚದರ ಮೀಟರ್ ಜಾಗವನ್ನು 50 ವರ್ಷ ಒಣಗಿದಂತೆ ಇಡುವುದು. ಈ ವಾಕ್ಯವನ್ನು ಹೀಗೆ ಬರೆದಿಟ್ಟುಕೊಳ್ಳದಿದ್ದರೆ ಎಲ್ಲ ಹಾಳು. ಒಂದು ಕಿಲೋ ಇಟ್ಟಿಗೆಗೂ ಒಂದು ಕಿಲೋ ಬ್ಲಾಕಿಗೂ ಹೋಲಿಕೆ ಮಾಡುವವರಿದ್ದಾರೆ. ಗೋಡೆ ಕಟ್ಟುವುದು ಕಿಲೋ ಲೆಕ್ಕದಲ್ಲಲ್ಲ. ಗೋಡೆ ಹೊತ್ತುಕೊಳ್ಳುವ ಭಾರ ಯಾವುದು, ಅದರ ಪಕ್ಕದಲ್ಲಿ ಪಿಲ್ಲರ್ ಇದೆಯೋ ಇಲ್ಲವೋ, ಅದಕ್ಕೆ ಎರಡೂ ಕಡೆ ಗಾರೆ ಬೇಕೋ ಬೇಡವೋ, ಇವೆಲ್ಲ ಸೇರಿಯೇ ಗೋಡೆ.

ಇಲ್ಲಿ ‘ಇಂಗಾಲ’ ಅಂದಾಗಲೆಲ್ಲ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ತೂಕ ಎಂದು ಓದಿಕೊಳ್ಳಬೇಕು.

ಗುಣಕಗಳು ಎಲ್ಲಿಂದ ಬಂದವು

ಗುಣಕ ಅಂದರೆ ಒಂದು ಕಿಲೋ ಸಾಮಗ್ರಿ ತಯಾರಾಗುವಾಗ ಹೊರಬೀಳುವ ಇಂಗಾಲ ಎಷ್ಟು ಕಿಲೋ ಎಂಬ ಅಂಕಿ. ಸಿಮೆಂಟಿನ ಅಂಕಿಯನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಕಿಲ್ಲ, ರಸಾಯನಶಾಸ್ತ್ರದಿಂದಲೇ ಹೊರಡಬಹುದು. ಸುಣ್ಣದ ಕಲ್ಲು ಬೆಂದು ಸುಣ್ಣವಾಗುವಾಗ ಒಂದು ಕಿಲೋ ಸುಣ್ಣಕ್ಕೆ 0.785 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗೂಡಿನಲ್ಲಿ ಬೆಂದು, ಆಮೇಲೆ ಸಿಮೆಂಟಾಗಿ ಅರೆಯುವ ಉಂಡೆಗಳೇ ಕ್ಲಿಂಕರು; ಅದರಲ್ಲಿ ನೂರಕ್ಕೆ ಸುಮಾರು 65 ಪಾಲು ಸುಣ್ಣದಂಶ. ಹಾಗಾಗಿ ಕಲ್ಲಿನಿಂದಲೇ ಕಿಲೋಗೆ 0.5 ದಾಟಿತು, ಇದನ್ನು ಯಾವ ಇಂಧನ ಬದಲಿಸಿದರೂ ತಪ್ಪಿಸಲಾಗದು. ಗೂಡಿನ ಕಲ್ಲಿದ್ದಲು, ಅರೆಯುವ ವಿದ್ಯುತ್ತು ಸೇರಿದರೆ ಬೂದಿ, ಸ್ಲ್ಯಾಗ್ ಬೆರೆಸದ ಸಾಮಾನ್ಯ ಸಿಮೆಂಟಿಗೆ, ಅಂದರೆ ಒಪಿಸಿಗೆ, 0.9 ಎಂದು ಹಿಡಿಯಬಹುದು. ಹಾರುಬೂದಿ ಬೆರೆತ ಪಿಪಿಸಿಯಲ್ಲಿ ಭಾರತೀಯ ಮಾನಕ ಐಎಸ್ 1489 ಪ್ರಕಾರ ಬೂದಿ 15ರಿಂದ 35 ಪಾಲು ಇರಬಹುದು. 30 ಪಾಲು ಎಂದಿಟ್ಟುಕೊಂಡು 0.65. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಬೆರೆತ ಪಿಎಸ್‌ಸಿಗೆ, ಅರ್ಧದಷ್ಟು ಸ್ಲ್ಯಾಗ್ ಎಂದು ಹಿಡಿದು 0.45.

ಕಬ್ಬಿಣದ ಕಂಬಿಗೆ ಕಿಲೋಗೆ 2.5. ‘ನಮ್ಮದು ಗುಜರಿಯಿಂದ ಮಾಡಿದ ಕಂಬಿ, ಇಂಗಾಲ ಕಡಿಮೆ’ ಎಂದು ಅಂಗಡಿಯವರು ಹೇಳಿದರೆ ತಕ್ಷಣ ಅಂಕಿ ಇಳಿಸಬಾರದು. ನಮ್ಮಲ್ಲಿನ ಇಂಡಕ್ಷನ್ ಕುಲುಮೆಗಳು ಗುಜರಿಯ ಜೊತೆ ಅದಿರಿನಿಂದ ನೇರವಾಗಿ ತೆಗೆದ ಸ್ಪಂಜ್ ಕಬ್ಬಿಣವನ್ನೂ ಕರಗಿಸುತ್ತವೆ, ಆ ಸ್ಪಂಜ್ ಕಬ್ಬಿಣ ಬಹುಪಾಲು ಕಲ್ಲಿದ್ದಲಿನಲ್ಲೇ ತಯಾರಾದದ್ದು. ಕರಗಿಸುವ ವಿದ್ಯುತ್ತೂ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ್ದು. ಯುರೋಪಿನ ದತ್ತಾಂಶದಿಂದ ಗುಜರಿ ಕಂಬಿಯ ಅಂಕಿ ಎತ್ತಿಕೊಂಡರೆ ಕಂಬಿಯ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ.

ಗೋಡೆ ಮತ್ತು ಚಾವಣಿಯ ವಿಷಯದಲ್ಲಿ ನಮ್ಮ ನೆಲದ್ದೇ ಅಂಕಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಟ್ಟ ಇಟ್ಟಿಗೆಯ ಗೋಡೆಗೆ ಘನ ಮೀಟರಿಗೆ 2141 ಮೆಗಾಜೂಲ್ ಶಕ್ತಿ ಬೇಕು. 8 ಪಾಲು ಸಿಮೆಂಟಿನ ಮಣ್ಣಿನ ಬ್ಲಾಕಿನ ಗೋಡೆಗೆ 810. ಅಂತರರಾಷ್ಟ್ರೀಯ ಹಣಕಾಸು ನಿಗಮ 2017ರಲ್ಲಿ ಹೊರತಂದ ಭಾರತದ ಕಟ್ಟಡ ಸಾಮಗ್ರಿಗಳ ದತ್ತಸಂಚಯವೂ ಇದೆ. ಓಪನ್‌ಎಲ್‌ಸಿಎ ಎಂಬ ಉಚಿತ ತಂತ್ರಾಂಶ ಬೇಕಾದವರು ಬಳಸಬಹುದು. ಒಂದು ಮನೆಗೆ ಸ್ಪ್ರೆಡ್‌ಶೀಟ್ ಸಾಕು.

ಮೊದಲ ದಾರಿ: ಎಲ್ಲರೂ ಕಟ್ಟುವ ಹಾಗೆ

ಹನ್ನೆರಡು ಪಿಲ್ಲರ್, ಪಾಯದ ಮಟ್ಟದಲ್ಲಿ ಅಡ್ಡ ಹಾಯುವ ಪ್ಲಿಂತ್ ಬೀಮ್, ಮೇಲೆ ಬೀಮ್, 125 ಮಿ.ಮೀ. ದಪ್ಪದ ಆರ್‌ಸಿಸಿ ತಾರಸಿ, ಸುತ್ತ 60 ಸೆಂ.ಮೀ. ಹೊರಚಾಚು. ಮಧ್ಯೆ ಎಂಟಿಂಚಿನ ಸಾಲಿಡ್ ಸಿಮೆಂಟ್ ಬ್ಲಾಕು, ಎರಡೂ ಕಡೆ ಗಾರೆ.

ಕಾಂಕ್ರೀಟನ್ನು ಅಂಗಾಂಗವಾಗಿ ಅಳೆಯೋಣ. ಪಿಲ್ಲರಿನ ಬುಡದ ಫುಟಿಂಗ್ 5.2 ಘನ ಮೀಟರ್, ಪಿಲ್ಲರ್ 3.5, ಪ್ಲಿಂತ್ ಬೀಮ್ 4.55, ಮೇಲಿನ ಬೀಮ್ ಮತ್ತೆ 4.55, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮತ್ತು ಸಜ್ಜ 1.5, ತಾರಸಿ 16.8. ಒಟ್ಟು ಸುಮಾರು 36 ಘನ ಮೀಟರ್. ಸಿಮೆಂಟು, ಮರಳು, ಜಲ್ಲಿ ಒಂದು–ಒಂದೂವರೆ–ಮೂರರ ಮಿಶ್ರಣಕ್ಕೆ ಘನ ಮೀಟರಿಗೆ ಎಂಟು ಮೂಟೆ, ಅಂದರೆ 400 ಕಿಲೋ. ಸಿಮೆಂಟ್ 14.4 ಟನ್. ಕಂಬಿ ತಾರಸಿಗೆ ಘನ ಮೀಟರಿಗೆ 80 ಕಿಲೋ, ಬೀಮಿಗೆ 120, ಪಿಲ್ಲರಿಗೆ 160, ಫುಟಿಂಗಿಗೆ 60 ಎಂದು ಹಿಡಿದರೆ ಒಟ್ಟು 3.4 ಟನ್.

ಕಿಟಕಿ ಬಾಗಿಲು ಕಳೆದು ಬ್ಲಾಕಿನ ಗೋಡೆ 150 ಚದರ ಮೀಟರ್. ಬ್ಲಾಕು ಸುಮಾರು 1740. ಅವುಗಳ ಒಳಗಿನ ಸಿಮೆಂಟ್ ಘನ ಮೀಟರಿಗೆ 170 ಕಿಲೋದಂತೆ 4.7 ಟನ್, ಕಟ್ಟುವ ಗಾರೆಗೆ ಅರ್ಧ ಟನ್. ಒಳಹೊರಗಿನ ಗಾರೆಗೆ 1.6, ನೆಲದ ಬೆಡ್‌ಗೆ 1.8. ಎಲ್ಲ ಕೂಡಿ 23.1 ಟನ್, 462 ಮೂಟೆ. ಚದರಡಿಗೆ 0.4 ಮೂಟೆ ಎಂಬ ಮೇಸ್ತ್ರಿಗಳ ಬಾಯಿಲೆಕ್ಕಕ್ಕೆ ಇದು ಹತ್ತಿರ ಹತ್ತಿರ ಕೂತಿತು. ನಕ್ಷೆಯಿಂದ ತೆಗೆದ ಪ್ರಮಾಣ ಬಾಯಿಲೆಕ್ಕದಿಂದ ಕಾಲು ಭಾಗಕ್ಕಿಂತ ದೂರ ಹೋದರೆ ಎಲ್ಲೋ ಒಂದು ಸೊನ್ನೆ ಹೆಚ್ಚುಕಮ್ಮಿಯಾಗಿದೆ ಎಂದೇ ಅರ್ಥ, ಮುಂದೆ ಹೋಗಬಾರದು.

ಕಾಂಕ್ರೀಟು ಮತ್ತು ಬ್ಲಾಕಿಗೆ ಒಪಿಸಿ, ಮಿಕ್ಕದ್ದಕ್ಕೆ ಪಿಪಿಸಿ ಎಂದು ಹಿಡಿದಾಗ ಇಂಗಾಲ ಹೀಗೆ ಹಂಚಿಹೋಗುತ್ತದೆ: ತಾರಸಿ ಇಲ್ಲದೆ ಬರೀ ಪಿಲ್ಲರ್, ಬೀಮ್, ಫುಟಿಂಗ್, ಲಿಂಟಲಿಗೆ 12.2 ಟನ್. ತಾರಸಿಗೆ 9.4. ಬ್ಲಾಕಿನ ಗೋಡೆಗೆ 4.6. ಗಾರೆಗೆ ಒಂದು, ನೆಲಕ್ಕೆ 1.2. ಜಲ್ಲಿ, ಎಂ-ಸ್ಯಾಂಡ್ ಪುಡಿ ಮಾಡುವುದು ಮತ್ತು ಎಲ್ಲ ಸಾಗಣೆ ಸೇರಿ 2.9. ಒಟ್ಟು 31.3 ಟನ್, ಚದರ ಮೀಟರಿಗೆ 290 ಕಿಲೋ.

ಮತ್ತೊಮ್ಮೆ ನೋಡಿ. ಎಲ್ಲರೂ ವಾದ ಮಾಡುವ ಗೋಡೆಯ ಪಾಲು ನೂರಕ್ಕೆ ಹದಿನೈದು. ಯಾರೂ ವಾದ ಮಾಡದ ಪಿಲ್ಲರು-ಬೀಮಿನದು ಮೂವತ್ತೊಂಬತ್ತು.

‘ದೂರದಿಂದ ಬಂದದ್ದು’ ಎಂಬ ಭಯ

ಸ್ಥಳೀಯ ಸಾಮಗ್ರಿ ಅಂದರೆ ಒಳ್ಳೆಯದು, ದೂರದ್ದು ಕೆಟ್ಟದ್ದು ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಸಿಮೆಂಟ್ ಕಲಬುರಗಿ ಕಡೆಯ ಕಾರ್ಖಾನೆಯಿಂದ ಸುಮಾರು 600 ಕಿ.ಮೀ. ಲಾರಿಯಲ್ಲೇ ಬಂತು ಎಂದಿಟ್ಟುಕೊಂಡರೂ 23 ಟನ್ನಿನ ಸಾಗಣೆಗೆ ಬೀಳುವ ಇಂಗಾಲ 1.1 ಟನ್; ಅದೇ ಸಿಮೆಂಟ್ ತಯಾರಾಗುವಾಗ ಹೊರಬಿದ್ದದ್ದು ಸುಮಾರು 20 ಟನ್. ರೈಲಿನಲ್ಲಿ ಹಾಸನದವರೆಗೆ ಬಂದರೆ ಇನ್ನೂ ಕಡಿಮೆ. ಆದ್ದರಿಂದ ಬಳ್ಳಾರಿ ಸೀಮೆಯಿಂದ 300 ಕಿ.ಮೀ. ದಾಟಿ ಬರುವ ಸ್ಲ್ಯಾಗ್ ಸಿಮೆಂಟು ಪಕ್ಕದೂರಿನ ಗೋದಾಮಿನ ಒಪಿಸಿಗಿಂತ ಯಾವತ್ತೂ ಹಗುರ.

ದೂರ ಲೆಕ್ಕಕ್ಕೆ ಬರುವುದು ಅಗ್ಗದ, ಭಾರದ ಸಾಮಗ್ರಿಗೆ. ಈ ಮನೆಗೆ ಜಲ್ಲಿ, ಮರಳು, ಬ್ಲಾಕಿನ ರೂಪದಲ್ಲಿ ಬರುವ ಜಲ್ಲಿಪುಡಿ ಎಲ್ಲ ಸೇರಿ 155 ಟನ್. ಹಾಸನದ ಸುತ್ತಿನ ಕ್ರಷರಿನಿಂದ 45 ಕಿ.ಮೀ. ಎಂದರೆ ಹೋಗಿ ಬರಲು 90. ಹತ್ತು ಚಕ್ರದ ಟಿಪ್ಪರ್ ಲೀಟರಿಗೆ ನಾಲ್ಕು ಕಿ.ಮೀ. ಒಳಗೇ ಕೊಡುವುದು; ಒಂದು ಟ್ರಿಪ್ಪಿಗೆ 24 ಲೀಟರ್ ಡೀಸೆಲ್, ಲೀಟರಿಗೆ 2.68 ಕಿಲೋದಂತೆ 64 ಕಿಲೋ ಇಂಗಾಲ. ಹತ್ತು ಟ್ರಿಪ್ಪಿಗೆ 0.64 ಟನ್. ಖಾಲಿ ವಾಪಸು ಹೋಗುವ ಡೀಸೆಲ್ಲನ್ನು ಸೇರಿಸಲು ಮರೆಯುವುದು ಈ ಹಂತದ ಮಾಮೂಲಿ ತಪ್ಪು.

ಎರಡನೇ ಚಾವಣಿ

ಮಲೆನಾಡಿನ ಯಾವ ರಸ್ತೆಯಲ್ಲಿ ಹೋದರೂ ಕಾಣುವ ನೋಟ ಇದು: ಸಪಾಟು ತಾರಸಿ, ಅದರ ಮೇಲೆ ಕಬ್ಬಿಣದ ಪೈಪಿನ ಟ್ರಸ್, ಅದರ ಮೇಲೆ ಬಣ್ಣದ ಶೀಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಗೆ ಸಪಾಟು ತಾರಸಿ ಒಂದೆರಡು ವರ್ಷಕ್ಕೆ ಬೆವರಲು ಶುರುವಾಗುತ್ತದೆ. ಸಪೂರ ಬಿರುಕಿನಲ್ಲಿ ನೀರು ಇಳಿದು ಕಂಬಿ ಮುಟ್ಟುತ್ತದೆ, ಮೂಲೆಗಳಲ್ಲಿ ಹಸಿರು ಕಟ್ಟುತ್ತದೆ, ಬಟ್ಟೆ ಒಣಗಿಸಲು ಜಾಗವಿಲ್ಲ. ಆಗ ಶೀಟು ಬರುತ್ತದೆ.

150 ಚದರ ಮೀಟರ್ ಇಳಿಜಾರಿಗೆ ಪೈಪು, ಪರ್ಲಿನ್, ಶೀಟು ಸೇರಿ ಚದರ ಮೀಟರಿಗೆ 13 ಕಿಲೋ ಉಕ್ಕು ಎಂದಿಟ್ಟುಕೊಳ್ಳಿ. ಹತ್ತಿರ ಹತ್ತಿರ ಎರಡು ಟನ್ ಉಕ್ಕು, 4.9 ಟನ್ ಇಂಗಾಲ. ಇಡೀ ಮನೆಯ ಬ್ಲಾಕಿನ ಗೋಡೆಗಳಿಗಿಂತ ಹೆಚ್ಚು! ಇದು ಕಟ್ಟುವಾಗಿನ ಅಂದಾಜುಪಟ್ಟಿಯಲ್ಲಿ ಇರುವುದೇ ಇಲ್ಲ, ಯಾಕೆಂದರೆ ಮೂರು ವರ್ಷದ ಮೇಲೆ ಬೇರೆ ಫ್ಯಾಬ್ರಿಕೇಷನ್‌ನವರ ಬಿಲ್ಲಿನಲ್ಲಿ ಬರುತ್ತದೆ. ಜೀವನಚಕ್ರ ಎಂಬ ಮಾತಿಗೆ ಅರ್ಥ ಬರುವುದೇ ಇಂಥಲ್ಲಿ: ಎ ಹಂತಕ್ಕೆ ಲೆಕ್ಕ ನಿಲ್ಲಿಸಿದವರಿಗೆ ಈ ಐದು ಟನ್ ಕಾಣಿಸದು. ಸೇರಿಸಿದರೆ ಮೊದಲ ದಾರಿಯ ಮೊತ್ತ 36.2 ಟನ್.

ಮೇಲೊಂದು ಶೀಟು ಬಂದ ನಂತರ ಕೆಳಗಿನ 125 ಮಿ.ಮೀ. ಕಾಂಕ್ರೀಟಿಗೆ ಉಳಿಯುವ ಕೆಲಸ ಅಟ್ಟದ್ದು. 9.4 ಟನ್ ಇಂಗಾಲದ ಅಟ್ಟ.

ಎರಡನೇ ದಾರಿ: ಪಿಲ್ಲರ್ ಇಲ್ಲ, ತಾರಸಿ ಇಲ್ಲ

ಸೈಜುಗಲ್ಲಿನ ಪಾಯ, ನೆಲಮಟ್ಟದಿಂದ ಒಂದೂವರೆ ಅಡಿ ಮೇಲೆ ಬರುವವರೆಗೂ ಕಲ್ಲೇ. ಅದರ ಮೇಲೆ 100 ಮಿ.ಮೀ. ಕಾಂಕ್ರೀಟ್ ಬ್ಯಾಂಡ್ (ಗೋಡೆಯುದ್ದಕ್ಕೂ ಸುತ್ತ ಓಡುವ ಪಟ್ಟಿ), ಲಿಂಟಲ್ ಮಟ್ಟದಲ್ಲಿ ಇನ್ನೊಂದು, ಗೋಡೆಯ ತಲೆಯ ಮೇಲೆ ಮತ್ತೊಂದು. ಗೋಡೆ 190 ಮಿ.ಮೀ. ದಪ್ಪದ ಸಿಮೆಂಟ್ ಬೆರೆತ ಒತ್ತುಮಣ್ಣಿನ ಬ್ಲಾಕಿನದು, ಭಾರ ಹೊರುವುದು ಅದೇ. ಮೇಲೆ ನಾಲ್ಕೂ ಕಡೆ ಇಳಿಜಾರಿನ ಮಂಗಳೂರು ಹೆಂಚಿನ ಮಾಡು, ತೋಟದ ಸಿಲ್ವರ್ ಓಕಿನ ಪಕಾಸಿ ಮತ್ತು ರೀಪು, 90 ಸೆಂ.ಮೀ. ಹೊರಚಾಚು.

ಪಾಯದ ಕಲ್ಲಿನ ಗಾರೆಗೆ 2.25 ಟನ್ ಸಿಮೆಂಟ್, ಇಂಗಾಲ 1.5 ಟನ್. ಮೂರು ಬ್ಯಾಂಡಿಗೆ ಸಿಮೆಂಟು ಕಂಬಿ ಸೇರಿ 2.1. 170 ಚದರ ಮೀಟರ್ ಗೋಡೆಗೆ 3.9. ನೆಲಕ್ಕೆ ಅದೇ 1.2. ಗಾರೆ ಬಚ್ಚಲು, ಅಡುಗೆಮನೆಗಷ್ಟೇ, 0.15. ಹೆಂಚು ಚದರ ಮೀಟರಿಗೆ 15ರಂತೆ ಸುಮಾರು 2600, ತೂಕ 6.7 ಟನ್, ಹೊಸದಾದರೆ 1.9. ಮರಕ್ಕೆ ಕೊಯ್ಯುವುದು, ಔಷಧಿ, ಸಾಗಣೆ ಸೇರಿ 0.3. ಜಲ್ಲಿ, ಕಲ್ಲು, ಉಳಿದ ಸಾಗಣೆಗೆ 1.55. ಒಟ್ಟು 12.6 ಟನ್, ಚದರ ಮೀಟರಿಗೆ 117 ಕಿಲೋ. ಸಿಮೆಂಟ್ 462 ಮೂಟೆಯ ಬದಲು 208.

ಮೊದಲ ದಾರಿಯ ನೂರಕ್ಕೆ ನಲವತ್ತು. ಮೇಲೆ ಹೇಳಿದ 2003ರ ಅಧ್ಯಯನದಲ್ಲೂ ಪಿಲ್ಲರ್ ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಮಣ್ಣಿನ ಬ್ಲಾಕು ಮತ್ತು ಫಿಲ್ಲರ್ ತಾರಸಿಯ (ಹೆಂಚಿನಂಥದ್ದನ್ನು ಒಳಗೆ ತುಂಬಿ ಕಾಂಕ್ರೀಟು ಉಳಿಸುವ ತಾರಸಿ) ಕಟ್ಟಡಕ್ಕೆ 1.61 ಎಂದಿದೆ. ಕಟ್ಟಡ ಬೇರೆ, ಅಳತೆಗೋಲೂ ಬೇರೆ, ಆದರೂ ಅನುಪಾತ ಅಷ್ಟೇ ಬಂತು.

ಈಗ ಗೋಡೆಯನ್ನು ಮಾತ್ರ ಕಿತ್ತು ಪಕ್ಕಪಕ್ಕ ಇಡಿ. ಸಿಮೆಂಟ್ ಬ್ಲಾಕಿನದು 4.6, ಮಣ್ಣಿನದು 3.9. ವ್ಯತ್ಯಾಸ ಮುಕ್ಕಾಲು ಟನ್ನೂ ಇಲ್ಲ. ‘ಮಣ್ಣಿನ ಮನೆ’ ಎಂದು ಸಂಭ್ರಮಿಸುವವರಿಗೆ ಇದು ಹಿಡಿಸದ ಸತ್ಯ. ಘನ ಮೀಟರಿಗೆ 1800 ಕಿಲೋ ಮಣ್ಣು ಒತ್ತಿ, ಅದಕ್ಕೆ ನೂರಕ್ಕೆ ಏಳರಷ್ಟು ಸಿಮೆಂಟ್ ಹಾಕಿದರೆ 126 ಕಿಲೋ ಆಯಿತು. ಸಾಲಿಡ್ ಬ್ಲಾಕಿನ 170ಕ್ಕೂ ಅದಕ್ಕೂ ಮಹಾ ಅಂತರವೇನಿಲ್ಲ. ಸಿಮೆಂಟನ್ನು ‘ಭದ್ರವಾಗಿರಲಿ’ ಎಂದು ಹತ್ತಕ್ಕೆ ಏರಿಸಿದರೆ ಆ ಅಂತರವೂ ಮುಗಿಯಿತು. ಮಣ್ಣಿನ ಬ್ಲಾಕಿನ ಲಾಭ ಅದರ ಒಳಗಿಲ್ಲ. ಅದು ಭಾರ ಹೊತ್ತು ಪಿಲ್ಲರನ್ನು ಬಿಡಿಸುತ್ತದೆ, ಮುಖ ಚೆನ್ನಾಗಿದ್ದು ಗಾರೆಯನ್ನು ಬಿಡಿಸುತ್ತದೆ. ಪಿಲ್ಲರ್ ಹಾಕಿ ಮಧ್ಯೆ ಮಣ್ಣಿನ ಬ್ಲಾಕು ತುಂಬಿಸಿ, ಮೇಲೆ ಎರಡು ಕಡೆ ಸಿಮೆಂಟ್ ಗಾರೆ ಬಳಿದರೆ ಏನೂ ಉಳಿಯಲಿಲ್ಲ.

ಸುಟ್ಟ ಇಟ್ಟಿಗೆಯ ಸಂಗತಿ ಬೇರೆ. ಅದೇ 170 ಚದರ ಮೀಟರ್ ಗೋಡೆ ಒಂಬತ್ತಿಂಚಿನ ಇಟ್ಟಿಗೆಯದಾದರೆ 39 ಘನ ಮೀಟರ್, 83 ಗಿಗಾಜೂಲ್. ಗೂಡು ಕಲ್ಲಿದ್ದಲಿನದಾದರೆ ಎಂಟು ಟನ್ ಹತ್ತಿರ ಇಂಗಾಲ. ಸೌದೆಯದಾದರೆ ಐದು ಟನ್ನಿಗೂ ಹೆಚ್ಚು ಒಣ ಸೌದೆ. ಸೌದೆಯ ಹೊಗೆಯನ್ನು ಸೊನ್ನೆ ಎಂದು ಬರೆಯುವ ಪದ್ಧತಿಯಿದೆ. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆಯುತ್ತಿದ್ದರೆ ಅದು ಸರಿ, ಇಲ್ಲವಾದರೆ ಕಣ್ಣಿಗೆ ಮಣ್ಣೆರಚುವುದು. ಜೊತೆಗೆ ಗದ್ದೆ, ಕೆರೆಯಂಗಳದ ಜೇಡಿಮಣ್ಣು ಹೋಗುತ್ತದೆ, ಅದಕ್ಕೆ ಈ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ಬ್ಲಾಕು ಒತ್ತುವಲ್ಲಿ ಏನು ತಪ್ಪುತ್ತದೆ

230 × 190 × 100 ಮಿ.ಮೀ. ಬ್ಲಾಕು 6460 ಬೇಕು. ಪಾಯದ ಮಣ್ಣೇ ಸಾಕಾಗುತ್ತದೆ, ಆದರೆ ಮೇಲಿನ ಒಂದಡಿ ಕಪ್ಪು ಮಣ್ಣನ್ನು ತೋಟಕ್ಕೆ ಹಾಕಿ. ಬೇರು, ಗೊಬ್ಬರವಿರುವ ಮಣ್ಣಿನಲ್ಲಿ ಸಿಮೆಂಟ್ ಹಿಡಿಯುವುದಿಲ್ಲ. ಕೆಳಗಿನ ಕೆಂಪು ಮಣ್ಣು ಈ ಭಾಗದಲ್ಲಿ ಸಾಮಾನ್ಯವಾಗಿ ಜಿಗುಟು ಜಾಸ್ತಿ. ಗಾಜಿನ ಜಾಡಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಅಲುಗಾಡಿಸಿ ಒಂದು ದಿನ ಬಿಡಿ. ತಳದಲ್ಲಿ ಮರಳು, ನಡುವೆ ನುಣುಪು, ಮೇಲೆ ಜೇಡಿ ಪದರವಾಗಿ ಕೂರುತ್ತವೆ. ಮರಳಿನಂಶ 65 ಪಾಲು, ಜೇಡಿ 10ರಿಂದ 15 ಪಾಲು ಇದ್ದರೆ ಹದ. ಜೇಡಿ ಹೆಚ್ಚಿದ್ದರೆ ಕ್ರಷರ್ ಪುಡಿ ಬೆರೆಸಬೇಕು. ಇಲ್ಲಿ ನೂರಕ್ಕೆ ನಲವತ್ತು ಪಾಲು ಎಂದು ಹಿಡಿದಿದ್ದೇವೆ. ಜಾಡಿ ದಾರಿ ತೋರಿಸುತ್ತದೆ ಅಷ್ಟೇ, ಕೊನೆಯ ಮಾತು ಪ್ರಯೋಗಾಲಯದ್ದು.

ಬ್ಲಾಕಿನ ಗಟ್ಟಿತನ ಸಿಮೆಂಟಿಗಿಂತ ಒತ್ತಿದ ಸಾಂದ್ರತೆಯ ಮೇಲೆ ನಿಂತಿದೆ. ಅಚ್ಚಿನ ಗಾತ್ರ 4370 ಘನ ಸೆಂ.ಮೀ.; ಸಾಂದ್ರತೆ 1.8 ಬರಬೇಕಾದರೆ ಒಣ ತೂಕ 7.87 ಕಿಲೋ, ನೂರಕ್ಕೆ 11 ತೇವ ಸೇರಿ 8.7 ಕಿಲೋ. ಪ್ರತಿ ಸಲ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಮಧ್ಯಾಹ್ನದ ಮೇಲೆ ಕೈ ಸೋತಾಗ ಬಾಂಡಲಿ ಅಂದಾಜಿನಲ್ಲಿ ಎಂಟು ಕಿಲೋ ಸುರಿದರೆ ಲಿವರ್ ಸಲೀಸಾಗಿ ಇಳಿಯುತ್ತದೆ, ನೋಡಲು ಬ್ಲಾಕು ಅದೇ ಥರ ಇರುತ್ತದೆ, ಮಳೆಗೆ ಮೊದಲು ಕರಗುವುದು ಅದೇ. ತೇವ ನೋಡಲು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಮಟ್ಟದಿಂದ ಬಿಡಿ: ನಾಲ್ಕೈದು ಚೂರಾದರೆ ಸರಿ, ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿಯಾದರೆ ಕಡಿಮೆ. ಸಿಮೆಂಟ್ ಬೆರೆಸಿದ ಮಣ್ಣನ್ನು ಊಟಕ್ಕೆ ಹೋಗಿ ಬಂದು ಒತ್ತಬಾರದು, ಅರ್ಧ ಗಂಟೆಯೊಳಗೆ ಮುಗಿಸುವಷ್ಟೇ ಕಲಸಬೇಕು.

ಗೋಣಿ ಅಥವಾ ಹುಲ್ಲು ಹೊದಿಸಿ 28 ದಿನ ನೀರು. ಪರೀಕ್ಷೆಗೆ ಕಳಿಸುವಾಗ ಎರಡು ದಿನ ನೀರಿನಲ್ಲಿ ಮುಳುಗಿಸಿ ನೆನೆದ ಬಲ ಕೇಳಬೇಕು. ಒಣ ಬ್ಲಾಕಿನ ಅಂಕಿ ಅದರ ದುಪ್ಪಟ್ಟು ಇರುವುದುಂಟು, ಅದನ್ನು ತೋರಿಸಿ ಸಮಾಧಾನ ಮಾಡುವವರೂ ಇದ್ದಾರೆ. ನೆನೆದಾಗ ಚದರ ಮಿ.ಮೀ.ಗೆ 3.5 ನ್ಯೂಟನ್ ಬಾರದ ಬ್ಲಾಕನ್ನು ಈ ಮಳೆಯಲ್ಲಿ ಹೊರಗೋಡೆಗೆ ಹಾಕಬೇಡಿ.

ಗೋಡೆ ಹಾಳಾಗುವುದು ಬುಡದಲ್ಲಿ. ಸೂರಿನ ನೀರು ನೆಲಕ್ಕೆ ಬಡಿದು ಹಾರುವ ಎತ್ತರ ಒಂದೂವರೆ ಅಡಿ. ಆದ್ದರಿಂದ ಅಲ್ಲಿಯವರೆಗೆ ಕಲ್ಲು. ನೈಋತ್ಯದ ಗಾಳಿಮಳೆ ಹೊಡೆಯುವ ಗೋಡೆಗೆ 90 ಸೆಂ.ಮೀ. ಸೂರು ಸಾಲದಿದ್ದರೆ ಆ ಕಡೆ ಜಗಲಿ ಎಳೆಯುವುದು ಹಳೇ ಮನೆಗಳ ಉಪಾಯ. ನೀರು ತಡೆಯುವ ಬಣ್ಣ ಬಳಿದು ಸೂರು ಗಿಡ್ಡ ಮಾಡಿದರೆ ತೇವ ಒಳಗೇ ಸಿಕ್ಕಿ ಬ್ಲಾಕಿನ ಮುಖ ಎದ್ದು ಬರುತ್ತದೆ.

ಹೆಂಚು, ಮರ, ಮಂಗ

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಹೆಂಚು ಘಟ್ಟ ಹತ್ತಿದೆ. ಅದರ ದೊಡ್ಡ ಗುಣ, ಕಳಚಿ ಮತ್ತೆ ಹೊದಿಸಬಹುದು. ಕೆಡಹುವ ಮನೆಗಳ ಹಳೇ ಹೆಂಚು ಸಿಕ್ಕರೆ ಆ 1.9 ಟನ್ ಬಹುಪಾಲು ಸೊನ್ನೆ. ಬೆರಳಗಂಟಿನಿಂದ ತಟ್ಟಿ ನೋಡಿ, ಗಣಗಣ ಎನ್ನದೆ ಮಂಕಾಗಿ ಕೇಳಿಸಿದ್ದನ್ನು ಬಿಟ್ಟುಬಿಡಿ. ಬೇರೆ ಬೇರೆ ಕಾರ್ಖಾನೆಯ ಹೆಂಚಿನ ತೋಡು ಒಂದಕ್ಕೊಂದು ಕೂರುವುದಿಲ್ಲ. ಒಂದೊಂದು ಇಳಿಜಾರಿಗೆ ಒಂದೇ ಗುರುತಿನವು ಬೇಕು.

ಸಿಲ್ವರ್ ಓಕಿಗೆ ಹುಳ ಬೀಳುತ್ತದೆ. ಕೊಯ್ದ ಹಸಿ ಮರವನ್ನೇ ಬೋರಿಕ್ ಆಮ್ಲ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲಿನ ದ್ರಾವಣದಲ್ಲಿ ನೆನೆಸಿ, ಪ್ಲಾಸ್ಟಿಕ್ ಮುಚ್ಚಿ ಕೆಲವು ವಾರ ಇಟ್ಟು, ಆಮೇಲೆ ನೆರಳಲ್ಲಿ ಒಣಗಿಸಬೇಕು. ಬೋರಾನ್ ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಸೂರಿನಿಂದ ಹೊರಗೆ ಚಾಚುವ ಪಕಾಸಿ ತುದಿಗೆ ಬೇರೆ ಗಟ್ಟಿ ಮರ, ಇಲ್ಲವೇ ಮುಂಗಡೆ ಹಲಗೆಯ ಮರೆ ಬೇಕು.

4.3 ಘನ ಮೀಟರ್ ಮರ, ಘನ ಮೀಟರಿಗೆ 600 ಕಿಲೋದಂತೆ 2.6 ಟನ್, ಅದರಲ್ಲಿ ಹಿಡಿದಿಟ್ಟಿರುವ ಇಂಗಾಲದ ಡೈಆಕ್ಸೈಡ್ ಸುಮಾರು 4.7 ಟನ್. ಇದನ್ನು 12.6ರಿಂದ ಕಳೆದು ಎಂಟೇ ಟನ್ ಎಂದು ಬೋರ್ಡು ಹಾಕುವ ಆಸೆ ಬರುತ್ತದೆ. ಕಳೆಯಬಾರದು. 50 ವರ್ಷದ ಮೇಲೆ ಆ ಪಕಾಸಿ ಬಚ್ಚಲೊಲೆಗೆ ಹೋದರೆ ಅಷ್ಟೂ ವಾಪಸು. ಪ್ರತ್ಯೇಕ ಸಾಲಿನಲ್ಲಿ ಬರೆದಿಡಿ.

ಇನ್ನು ಮಂಗ. ಹೆಂಚು ಬೇಡ ತಾರಸಿಯೇ ಬೇಕು ಎನ್ನುವವರ ನಿಜವಾದ ಕಾರಣ ಅನೇಕ ಸಲ ಇದೇ, ಅದನ್ನು ನಗೆಯಾಡಿ ತಳ್ಳಿಹಾಕಲಾಗದು. ಹೆಂಚಿನ ಕೆಳಗೆ 0.4 ಮಿ.ಮೀ. ಶೀಟು ಹಾಸಿದರೆ ಒಡೆದ ಹೆಂಚಿನಿಂದ ನೀರು ಒಳಗಿಳಿಯುವುದಿಲ್ಲ. ಅದಕ್ಕೆ 600 ಕಿಲೋ ಉಕ್ಕು, ಒಂದೂವರೆ ಟನ್ ಇಂಗಾಲ. ಮೊತ್ತ 14.1 ಆಯಿತು. ಕೊಡಬಹುದಾದ ಬೆಲೆ.

ತಾರಸಿ ಬೇಕೇಬೇಕು ಅಂದರೆ

ಮುಂದೆ ಮೇಲೊಂದು ಅಂತಸ್ತು ಎತ್ತುವ ಯೋಚನೆಯಿದ್ದರೆ ಹೆಂಚಿನ ಮಾತು ನಡೆಯದು. ಆಗಲೂ ಪಿಲ್ಲರ್ ಬೇಕಿಲ್ಲ. ಸೈಜುಗಲ್ಲಿನ ಪಾಯ, ಭಾರ ಹೊರುವ ಸಾಲಿಡ್ ಬ್ಲಾಕಿನ ಗೋಡೆ, ಎರಡು ಬ್ಯಾಂಡು, ಮೇಲೆ ಹಳೇ ಹೆಂಚು ತುಂಬಿದ ಫಿಲ್ಲರ್ ತಾರಸಿ, ತಾರಸಿಗೆ ಸ್ಲ್ಯಾಗ್ ಸಿಮೆಂಟು. ತಾರಸಿ 9.4 ಟನ್ನಿನಿಂದ 5.4ಕ್ಕೆ ಇಳಿಯುತ್ತದೆ, ಮನೆ ಒಟ್ಟು 17.9 ಟನ್. ಮಣ್ಣು ಮುಟ್ಟದೆ, ಮೇಸ್ತ್ರಿಗೆ ಹೊಸ ಕೆಲಸ ಕಲಿಸದೆ, 31ರಿಂದ 18. ತಾರಸಿಗೆ ನೂರಡಿಗೆ ಒಂದಡಿಯಾದರೂ ವಾಟ ಕೊಟ್ಟು, ನೀರು ಹೋಗುವ ಕಿಂಡಿ ನಾಲ್ಕು ಇಟ್ಟರೆ ಎರಡನೇ ಚಾವಣಿಯನ್ನೂ ಮುಂದೂಡಬಹುದು.

ಎಡವುವುದು ಆತುರದಲ್ಲಿ. ಪಿಪಿಸಿ, ಪಿಎಸ್‌ಸಿಯಂಥ ಬೆರಕೆ ಸಿಮೆಂಟು ನಿಧಾನಕ್ಕೆ ಬಲ ಕೂಡಿಸಿಕೊಳ್ಳುತ್ತದೆ. ಕಾಂಕ್ರೀಟಿನ ಮಾನಕ ಐಎಸ್ 456 ಒಪಿಸಿಗೆ ಏಳು ದಿನ ಕ್ಯೂರಿಂಗ್ (ನೀರುಣಿಸುವುದು) ಹೇಳಿದರೆ ಬೆರಕೆ ಸಿಮೆಂಟಿಗೆ ಕನಿಷ್ಠ ಹತ್ತು ಹೇಳುತ್ತದೆ, ಹದಿನಾಲ್ಕು ಇಟ್ಟುಕೊಳ್ಳಿ. 4.5 ಮೀಟರ್ ಒಳಗಿನ ತಾರಸಿಯ ಸೆಂಟ್ರಿಂಗ್ ಕಂಬಗಳನ್ನು ಒಪಿಸಿಯಲ್ಲಿ ಏಳು ದಿನಕ್ಕೆ ತೆಗೆಯಲು ಅವಕಾಶವಿದೆ. ಇಲ್ಲಿ ಆ ಅಭ್ಯಾಸ ಬೇಡ. ಸೆಂಟ್ರಿಂಗ್ ಬಾಡಿಗೆ ದಿನಕ್ಕಿಷ್ಟು ಎಂದು ಓಡುತ್ತಿರುವಾಗ ಗುತ್ತಿಗೆದಾರ ಒಪ್ಪುವುದಿಲ್ಲ, ಹಾಗಾಗಿ ಇದು ಕರಾರಿನಲ್ಲೇ ಬರೆದಿರಬೇಕು.

ಅಂಕಿ ಅಲುಗಾಡಿಸಿ ನೋಡಿದರೆ

ಕಂಬಿಯ ಗುಣಕ 2.5 ಬದಲು 1.5 ಎಂದು ಇಳಿಸಿದರೂ ಮೊದಲ ದಾರಿ 28 ಟನ್ ಹತ್ತಿರ ನಿಲ್ಲುತ್ತದೆ, ಸರದಿ ಬದಲಾಗದು. ಮೊದಲ ದಾರಿಯಲ್ಲಿ ಒಪಿಸಿ ಎಲ್ಲ ತೆಗೆದು ಪಿಪಿಸಿ ಮಾಡಿದರೆ ಸುಮಾರು ಐದು ಟನ್ ಉಳಿಯುತ್ತದೆ. ಗೋಡೆ ಬದಲಿಸುವುದಕ್ಕಿಂತ ಸುಲಭ, ಲಾಭವೂ ಹೆಚ್ಚು. ಎರಡನೇ ದಾರಿಯ ಮನೆ 50 ವರ್ಷದ ಬದಲು 25ಕ್ಕೇ ಬಿದ್ದು ಇಡಿಯಾಗಿ ಮತ್ತೆ ಕಟ್ಟಿದರೂ 25 ಟನ್, ಇನ್ನೂ ಮೊದಲನೆಯದಕ್ಕಿಂತ ಕಡಿಮೆ. ಹಾಗೆಂದು ಬೀಳುವ ಮನೆ ಕಟ್ಟಿ ಎಂದಲ್ಲ. ಲೆಕ್ಕದ ತಪ್ಪು ಈ ತೀರ್ಮಾನವನ್ನು ಉರುಳಿಸುವಷ್ಟು ದೊಡ್ಡದಿಲ್ಲ ಎಂದಷ್ಟೇ.

ಈ ಹವೆಯಲ್ಲಿ ಎ.ಸಿ. ಬೇಕಿಲ್ಲ, ಹೀಟರಿನ ಚಳಿಯೂ ಇಲ್ಲ. ತಿಂಗಳಿಗೆ ನೂರು ಯೂನಿಟ್ ಉರಿಸುವ ಮನೆಗೆ ವರ್ಷಕ್ಕೆ 0.84 ಟನ್ ಇಂಗಾಲ. ಎರಡು ದಾರಿಗಳ ನಡುವಿನ 18.7 ಟನ್ ಅಂದರೆ 22 ವರ್ಷದ ಕರೆಂಟು ಬಿಲ್ಲು, ಗೃಹಪ್ರವೇಶದ ದಿನವೇ ಕಟ್ಟಿದ ಹಾಗೆ.

ಕೆಲಸದ ಕ್ರಮ

ನಕ್ಷೆಯ ಲೆಕ್ಕ ಸೈಟಿನಲ್ಲಿ ಉಳಿಯಬೇಕಾದರೆ ಮೂಟೆ ಪುಸ್ತಕ ಬೇಕು: ದಿನಾಂಕ, ಎಷ್ಟು ಮೂಟೆ ಬಂತು, ಯಾವ ಕೆಲಸಕ್ಕೆ ಹೋಯಿತು, ಚೀಲದ ಮೇಲೆ ಒಪಿಸಿಯೋ ಪಿಪಿಸಿಯೋ ಪಿಎಸ್‌ಸಿಯೋ. ಖಾಲಿ ಚೀಲಗಳನ್ನು ವಾರಕ್ಕೊಮ್ಮೆ ಎಣಿಸಿ ತಾಳೆ ನೋಡಿ. ಬಾಂಡಲಿ ಲೆಕ್ಕದಲ್ಲಿ ಕಲಸುವಲ್ಲಿ ಸಿಮೆಂಟ್ ಹತ್ತು ಪಾಲು ಹೆಚ್ಚು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಅಳತೆ ಪೆಟ್ಟಿಗೆ ಮಾಡಿಸಿಕೊಂಡರೆ ಅಲ್ಲೇ ತಡೆಯಬಹುದು.

ಎರಡನೇ ದಾರಿಗೆ ಕಾಲ ಮುಖ್ಯ. ನವೆಂಬರಿನಲ್ಲಿ ಮಣ್ಣಿನ ಪರೀಕ್ಷೆ, ಸಿಲ್ವರ್ ಓಕ್ ಕೊಯ್ಯಿಸಿ ಔಷಧಿಗೆ. ಡಿಸೆಂಬರಿನಲ್ಲಿ ಪಾಯ ತೆಗೆದು ಅದೇ ಮಣ್ಣಿನಲ್ಲಿ ಬ್ಲಾಕು ಒತ್ತಲು ಶುರು. ಕಾಫಿ ಕುಯ್ಲು ಇದ್ದಾಗ ಆಳು ಸಿಗುವುದು ಕಷ್ಟ, ಒತ್ತುವ ತಂಡವನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಫೆಬ್ರವರಿ ಮಧ್ಯದ ಹೊತ್ತಿಗೆ ಬ್ಲಾಕು ನೆನೆದು ಹದವಾದರೆ, ನೀರಿಗೆ ಬರ ಬರುವ ಮುಂಚೆ ಕ್ಯೂರಿಂಗ್ ಮುಗಿಯುತ್ತದೆ. ಮಾರ್ಚ್, ಏಪ್ರಿಲ್ ಗೋಡೆಗೆ. ಮಧ್ಯೆ ಕಾಫಿ ಹೂವರಳಿಸುವ ಹೂಮಳೆ ಬಂದರೆ ಗೋಡೆಯ ತಲೆಗೆ ಟಾರ್ಪಾಲು ಸಿದ್ಧವಿರಲಿ. ಮೇ ತಿಂಗಳ ಕೊನೆಯೊಳಗೆ ಹೆಂಚು ಮೇಲೇರಲಾಗದು ಎಂದು ಏಪ್ರಿಲ್‌ನಲ್ಲೇ ಕಂಡರೆ, ಗೋಡೆಯನ್ನು ಲಿಂಟಲ್ ಮಟ್ಟಕ್ಕೆ ನಿಲ್ಲಿಸಿ ಬ್ಯಾಂಡ್ ಹಾಕಿ, ಮುಚ್ಚಿ, ಅಕ್ಟೋಬರಿಗೆ ಮುಂದುವರಿಸಬೇಕು.